ಕಿರುತರಂಗ ರೇಡಿಯೊ ಆಂಟೆನಾ

ಕಿರುತರಂಗ ರೇಡಿಯೊ ಆಂಟೆನಾ ಎಂಬುದು ಸುಮಾರು 3ರಿಂದ 30 ಮೆಗಾಹರ್ಟ್ಸ್ ಆವರ್ತನದ ಪ್ರಸಾರಗಳನ್ನು ಗ್ರಹಿಸಿ ರೇಡಿಯೊಗೆ ಒದಗಿಸುವ ತಂತಿ ಅಥವಾ ಲೋಹದ ಸಾಧನ. ಇದಕ್ಕೆ ಏರಿಯಲ್ ಎಂಬ ಹೆಸರೂ ಇದೆ. ಈ ತರಂಗಗಳು ಅಯಾನುಗೋಳದಲ್ಲಿ ಬಾಗಿ ನೆಲಕ್ಕೆ ಮರಳುವುದರಿಂದ ಸಾವಿರಾರು ಕಿಲೋಮೀಟರ್ ದೂರದ ನಿಲಯಗಳೂ ಕೇಳಿಸುತ್ತವೆ.

ಘಟ್ಟ ಪ್ರದೇಶದಲ್ಲಿ ಗ್ರಹಣ

ಉತ್ತರ ಕನ್ನಡ ಜಿಲ್ಲೆಯ ಅರಬೈಲ್ ಘಟ್ಟದಂತಹ ಕಣಿವೆಗಳಲ್ಲಿ ಎಫ್‌ಎಂ ಸಂಕೇತವನ್ನು ಗುಡ್ಡಗಳು ತಡೆಯುತ್ತವೆ. ಕಿರುತರಂಗವು ಆಕಾಶದಿಂದ ಇಳಿಯುವುದರಿಂದ ಈ ತೊಡಕು ಕಡಿಮೆ. ಆದರೆ ಬಹುದೂರದ ನಿಲಯಗಳ ಸಂಕೇತವು ದಿಗಂತಕ್ಕೆ ಸಮೀಪವಾದ ಕೋನದಲ್ಲಿ ಬರುವುದರಿಂದ ಎದುರಿನ ಗುಡ್ಡ ಅದನ್ನು ಮರೆಮಾಡಬಹುದು.

ಆಯ್ಕೆ

ರೇಡಿಯೊದಲ್ಲೇ ಇರುವ ಕಡ್ಡಿ ಆಂಟೆನಾ ಪ್ರಬಲ ನಿಲಯಗಳಿಗೆ ಸಾಕು. ಕಿಟಕಿಯಿಂದ ಹೊರಗೆ ಎಳೆದ 6ರಿಂದ 10 ಮೀಟರ್ ಹೊದಿಕೆಯುಳ್ಳ ತಂತಿಯು ಅತ್ಯಂತ ಅಗ್ಗದ ಸುಧಾರಣೆ. ತಂತಿ ಉದ್ದವಾದಷ್ಟೂ ಒಳ್ಳೆಯದೆಂಬ ನಂಬಿಕೆ ಸರಿಯಲ್ಲ; ಅತಿಯಾದ ಸಂಕೇತದಿಂದ ಸಣ್ಣ ರೇಡಿಯೊಗಳಲ್ಲಿ ಒಂದು ನಿಲಯ ಹಲವೆಡೆ ಕೇಳಿಸುವ ದೋಷ ತಲೆದೋರುತ್ತದೆ.

ಒಂದೇ ಬ್ಯಾಂಡಿನಲ್ಲಿ ಆಸಕ್ತಿಯುಳ್ಳವರಿಗೆ ಅರ್ಧತರಂಗ ಡೈಪೋಲ್ ಸೂಕ್ತ. 143ನ್ನು ಮೆಗಾಹರ್ಟ್ಸ್‌ನಲ್ಲಿರುವ ಆವರ್ತನದಿಂದ ಭಾಗಿಸಿದರೆ ಅದರ ಒಟ್ಟು ಉದ್ದ ಮೀಟರಿನಲ್ಲಿ ದೊರೆಯುತ್ತದೆ: 49 ಮೀಟರ್ ಬ್ಯಾಂಡಿಗೆ ಸುಮಾರು 24 ಮೀಟರ್, 31 ಮೀಟರ್ ಬ್ಯಾಂಡಿಗೆ ಸುಮಾರು 15 ಮೀಟರ್. ತಂತಿಯನ್ನು ಮಧ್ಯದಲ್ಲಿ ಎರಡು ಸಮಭಾಗವಾಗಿ ಕತ್ತರಿಸಿ, ಅಲ್ಲಿಂದ ಕೋಆಕ್ಸಿಯಲ್ ಕೇಬಲ್ ಮೂಲಕ ರೇಡಿಯೊಗೆ ಜೋಡಿಸಬೇಕು.

ಅಂಗಳದಲ್ಲಿ ಜಾಗವಿಲ್ಲದಿದ್ದರೆ ಸುಮಾರು ಒಂದು ಮೀಟರ್ ವ್ಯಾಸದ ಲೂಪ್ ಆಂಟೆನಾ ಬಳಸಬಹುದು. ಅದನ್ನು ತಿರುಗಿಸಿ ಗದ್ದಲದ ದಿಕ್ಕನ್ನು ತಗ್ಗಿಸಲು ಸಾಧ್ಯ.

ಗದ್ದಲ

ಇಂದು ಕೇಳುಗರ ಮುಖ್ಯ ಶತ್ರು ದೂರವಲ್ಲ, ಮನೆಯೊಳಗಿನ ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್ ಮತ್ತು ಇನ್ವರ್ಟರ್‌ಗಳು. ರೇಡಿಯೊವನ್ನು ಬ್ಯಾಟರಿಯಲ್ಲಿ ನಡೆಸಿ ಮನೆಯ ಮುಖ್ಯ ಸ್ವಿಚ್ ಆರಿಸಿದಾಗ ಗದ್ದಲ ನಿಂತರೆ ಮೂಲ ಮನೆಯಲ್ಲೇ ಇದೆ ಎಂದರ್ಥ. ಮಳೆಗಾಲದಲ್ಲಿ ಊರಿಗೆಲ್ಲ ಕರೆಂಟು ಹೋದಾಗ ಕಿರುತರಂಗ ಸ್ವಚ್ಛವಾಗಿ ಕೇಳಿಸಲು ಇದೇ ಕಾರಣ. ಇಂತಹ ಮನೆಗಳಲ್ಲಿ ದುಬಾರಿ ಆಂಟೆನಾ ಕೊಳ್ಳುವುದಕ್ಕಿಂತ ತಂತಿಯನ್ನು ಗೋಡೆಯಿಂದ ದೂರ ಒಯ್ಯುವುದೇ ಹೆಚ್ಚು ಫಲಕಾರಿ.

ಅಳವಡಿಕೆ ಮತ್ತು ಸುರಕ್ಷತೆ

ಅಡಿಕೆ ಮರಗಳು ಗಾಳಿಗೆ ಬಹಳ ತೂಗುವುದರಿಂದ ಅವುಗಳಿಗೆ ತಂತಿಯನ್ನು ಬಿಗಿಯಾಗಿ ಕಟ್ಟಿದರೆ ತುಂಡಾಗುತ್ತದೆ. ಒಂದು ತುದಿಯನ್ನು ರಾಟೆಯ ಮೇಲೆ ಹಾಯಿಸಿ ಭಾರ ತೂಗಬಿಡಬೇಕು. ಮದ್ದು ಹೊಡೆಯುವ, ಕೊನೆ ಕೊಯ್ಯುವ ಕೊನೆಗೌಡರ ದಾರಿಗೆ ತಂತಿ ಅಡ್ಡಬರಬಾರದು. ವಿದ್ಯುತ್ ತಂತಿಯ ಮೇಲಾಗಲಿ ಕೆಳಗಾಗಲಿ ಆಂಟೆನಾ ಹಾಯಿಸುವುದು ಪ್ರಾಣಾಪಾಯಕಾರಿ. ಗುಡುಗು ಕೇಳಿಸುವ ಮೊದಲೇ, ಅಂದರೆ ಮೋಡ ಕವಿಯುತ್ತಿರುವಾಗಲೇ, ತಂತಿಯನ್ನು ರೇಡಿಯೊದಿಂದ ಬಿಡಿಸಿ ಮನೆಯ ಹೊರಗೆ ಹಾಕಬೇಕು. ನೆಲಕ್ಕೆ ಅರ್ಥಿಂಗ್ ಮಾಡಿದ್ದರೂ ನೇರ ಸಿಡಿಲಿನಿಂದ ರಕ್ಷಣೆ ದೊರೆಯುವುದಿಲ್ಲ.