ಕನ್ನಡಿಯ ಮುಂದೆ ಝಿನೈದಾ

ಕನ್ನಡಿ ಹಿಡಿದ ಹೆಣ್ಣೆಂದರೆ ಕನ್ನಡಿಗರಾದ ನಮಗೆ ಮೊದಲು ನೆನಪಾಗುವವಳು ಬೇಲೂರಿನ ದರ್ಪಣಸುಂದರಿ. ಅವಳ ಚೆಲುವನ್ನು ಕಂಡು ಕಡೆದವನು ಶಿಲ್ಪಿ. ರಷ್ಯಾದ ಕಲಾವಿದೆ ಝಿನೈದಾ ಸೆರೆಬ್ರಿಯಾಕೋವಾ 1909ರಲ್ಲಿ ಬರೆದ ‘ಅಲಂಕಾರದ ಮೇಜಿನ ಬಳಿ’ ಎಂಬ ಆತ್ಮಚಿತ್ರದಲ್ಲಾದರೋ ಕನ್ನಡಿ ನೋಡುವವಳೂ ಕುಂಚ ಹಿಡಿದವಳೂ ಒಬ್ಬಳೇ.

ಖಾರ್ಕಿವ್ ಸೀಮೆಯ ನೆಸ್ಕುಚ್ನೊಯೆ ಎಂಬ ಊರಿನಲ್ಲಿ ಅವಳ ತವರಿನ ತೋಟದ ಮನೆ. ಆ ವರ್ಷ ಚಳಿಗಾಲ ಬೇಗನೆ ಬಂದು ಹಿಮ ಸುರಿದಿತ್ತು. ಪತಿ ಬೋರಿಸ್ ಕೆಲಸದ ನಿಮಿತ್ತ ದೂರದಲ್ಲಿದ್ದನು. ಸುಮಾರು ಇಪ್ಪತ್ತೈದರ ಪ್ರಾಯದ ಝಿನೈದಾ ಕನ್ನಡಿಯೊಳಗಿನ ತನ್ನನ್ನೇ ಚಿತ್ರಿಸತೊಡಗಿದಳು. ನೀಳವಾದ ಕಂದುಗೂದಲನ್ನು ಒಂದು ಕೈಯಲ್ಲಿ ಹಿಡಿದು ಮತ್ತೊಂದರಿಂದ ಬಾಚುತ್ತಿದ್ದಾಳೆ. ಬಿಳಿಯ ಒಳಅಂಗಿಯ ಪಟ್ಟಿ ಭುಜದಿಂದ ಜಾರಿದೆ. ಮುಂದೆ ಅತ್ತರಿನ ಸೀಸೆಗಳು, ಮಣಿಸರ, ಟೋಪಿಯ ಸೂಜಿಗಳು, ಮೇಣದಬತ್ತಿ. ಹಿಂದೆ ಮುಖ ತೊಳೆಯುವ ಬಿಳಿಯ ಹೂಜಿ. ಯಾವುದನ್ನೂ ಒಪ್ಪವಾಗಿ ಜೋಡಿಸಿಟ್ಟಂತಿಲ್ಲ. ನಮ್ಮ ಮನೆಗಳಲ್ಲಿ ಮದುವೆಗೆ ಹೊರಡುವ ಮುಂಜಾನೆ ಕನ್ನಡಿಯ ಮುಂದಿನ ಹಲಗೆ ಹೀಗೆಯೇ ಇರುತ್ತದೆ. ಕಣ್ಣಂಚಿನಲ್ಲಿ ಸಣ್ಣದೊಂದು ತುಂಟನಗೆ. ಇಲ್ಲಿ ಕಾಣುವುದು ಪ್ರತಿಬಿಂಬವಾದುದರಿಂದ ನೋಡುವ ನಾವು ನಿಂತಿರುವುದು ಅವಳದೇ ಜಾಗದಲ್ಲಿ! ಪರರ ಮೆಚ್ಚುಗೆಗಾಗಿ ಸಿಂಗರಿಸಿಕೊಂಡ ಹೆಣ್ಣು ಇವಳಲ್ಲವೆಂದು ನಮಗೆ ತೋರುವುದು ಅದರಿಂದಲೇ.

ಅಣ್ಣ ಯೆವ್ಗೆನಿ ಲಾನ್ಸೆರೆಯ ಒತ್ತಾಯದಿಂದ ಚಿತ್ರವು 1910ರಲ್ಲಿ ರಷ್ಯನ್ ಕಲಾವಿದರ ಒಕ್ಕೂಟದ ಪ್ರದರ್ಶನಕ್ಕೆ ಬಂದಿತು. ಪ್ರಸಿದ್ಧ ಚಿತ್ರಕಾರ ವಾಲೆಂಟಿನ್ ಸೆರೋವ್ ಮೆಚ್ಚಿದನು. ಮಾಸ್ಕೋದ ಟ್ರೆಟ್ಯಾಕೋವ್ ಗ್ಯಾಲರಿ ಕೊಂಡುಕೊಂಡಿತು.

ಮುಂದಿನದು ಬೇರೆಯೇ ಕಥೆ. ಕ್ರಾಂತಿಯ ಕಾಲದಲ್ಲಿ ತೋಟದ ಮನೆ ಬೆಂಕಿಗೆ ಆಹುತಿಯಾಯಿತು. 1919ರಲ್ಲಿ ಬೋರಿಸ್ ಟೈಫಸ್ ಜ್ವರಕ್ಕೆ ಬಲಿಯಾದನು. ನಾಲ್ವರು ಮಕ್ಕಳನ್ನೂ ವೃದ್ಧ ತಾಯಿಯನ್ನೂ ಸಲಹಬೇಕಾದ ಝಿನೈದಾ 1924ರಲ್ಲಿ ಕೆಲಸ ಅರಸಿ ಪ್ಯಾರಿಸ್ಸಿಗೆ ಹೋದಳು. ಮರಳಲಾಗಲಿಲ್ಲ. ಇಬ್ಬರು ಮಕ್ಕಳು ಅವಳನ್ನು ಸೇರಿಕೊಂಡರು. ಯೆವ್ಗೆನಿ, ತಾತಿಯಾನಾ ಅಲ್ಲಿಯೇ ಉಳಿದರು. ಹುಟ್ಟಿದೂರು ಇದ್ದಲ್ಲಿಯೇ ಇದ್ದು, ದೇಶದ ಹೆಸರು ಮಾತ್ರ ಬದಲಾಗುತ್ತ ಹೋಯಿತು. ಇಂದು ಅದು ಉಕ್ರೇನಿನಲ್ಲಿದೆ. 1956ರ ಗಡಿಗೆರೆಯ ಈಚೆಗೆ ಉಳಿದ ನಮಗೆ ಈ ಮಾತು ತಟ್ಟದಿರದು. ಆದರೂ ನಮ್ಮ ಗೆರೆಯನ್ನು ಬೆಳಗಿನ ಬಸ್ಸಿನಲ್ಲಿ ದಾಟಿ ಸಂಜೆಗೆ ಮನೆ ಸೇರಬಹುದಾದ್ದರಿಂದ ಹೋಲಿಕೆಯನ್ನು ಹೆಚ್ಚು ಎಳೆಯುವುದು ತರವಲ್ಲ.

ಮಗಳು ತಾತಿಯಾನಾ ಪ್ಯಾರಿಸ್ಸಿಗೆ ಬಂದು ತಾಯಿಯನ್ನು ಕಂಡದ್ದು 1960ರಲ್ಲಿ, 36 ವರ್ಷಗಳ ಬಳಿಕ. 1960ರ ದಶಕದ ನಡುವಿನಲ್ಲಿ ಮಾಸ್ಕೋದ ಜನ ಝಿನೈದಾಳ ಚಿತ್ರಗಳ ದೊಡ್ಡ ಪ್ರದರ್ಶನವನ್ನು ನೋಡಿದರು. 1967ರಲ್ಲಿ ಅವಳು ಪ್ಯಾರಿಸ್ಸಿನಲ್ಲೇ ತೀರಿಕೊಂಡಳು. ಕನ್ನಡಿಯ ಚಿತ್ರ ಇಂದಿಗೂ ಟ್ರೆಟ್ಯಾಕೋವ್ ಗ್ಯಾಲರಿಯಲ್ಲಿದೆ.