ತಲೆ ತಗ್ಗಿಸಲು ಕಲಿತ ದೀಪ

ತರೀಕೆರೆಯ ಬಯಲನ್ನು ಹಿಂದಿಕ್ಕಿ ಬಾಬಾಬುಡನ್ ಗಿರಿಶ್ರೇಣಿಯ ಕಡೆಗೆ ಹೊರಟ ಮಾರ್ಗವು ತೆಂಗು ಅಡಕೆಗಳ ತೋಟಗಳ ನಡುವೆ ಲಿಂಗದಹಳ್ಳಿಯನ್ನು ಸೇರಿ, ಅಲ್ಲಿಂದ ಒಂದು ಕವಲು ಕಲ್ಲತ್ತಿಗಿರಿಯನ್ನು ಹಾದು ಕೆಮ್ಮಣ್ಣುಗುಂಡಿಯ ಎತ್ತರಕ್ಕೂ, ಇನ್ನೊಂದು ಸಂತವೇರಿಯ ತಿರುವುಗಳನ್ನು ಹತ್ತಿ ಚಿಕ್ಕಮಗಳೂರಿಗೂ ಸಾಗುತ್ತದೆ. ಇಂತಹ ದಾರಿಯಲ್ಲಿ ಇರುಳು ವಾಹನವನ್ನು ನಡೆಸುವವನಿಗೆ ದೀಪದ ಪ್ರಖರತೆ ಎಷ್ಟೆಂಬುದಕ್ಕಿಂತ ಅದರ ಬೆಳಕು ಎಲ್ಲಿ ಬೀಳುತ್ತದೆಂಬುದೇ ಮುಖ್ಯವಾದ ಪ್ರಶ್ನೆ. ವಾಹನದೀಪಗಳ ಚರಿತ್ರೆಯನ್ನು ಆದ್ಯಂತವಾಗಿ ಅವಲೋಕಿಸಿದರೆ ಅದೂ ಕಾಂತಿಯನ್ನು ಹೆಚ್ಚಿಸಿದ ಕಥೆಗಿಂತ ಮಿಗಿಲಾಗಿ ಅದನ್ನು ತಗ್ಗಿಸಲು ಕಲಿತ ಕಥೆಯೆಂದೇ ತೋರುತ್ತದೆ.

ಈ ಸೀಮೆಯು ಇನ್ನೂ ಕಡೂರು ಜಿಲ್ಲೆಯೆನಿಸಿಕೊಂಡಿದ್ದ ಕಾಲದಲ್ಲಿ, 1899ರಲ್ಲಿ ಬೀರೂರು ಶಿವಮೊಗ್ಗಗಳ ನಡುವೆ ರೈಲು ಓಡತೊಡಗಿ ತರೀಕೆರೆಗೆ ನಿಲ್ದಾಣವು ಬಂದ ಮೇಲೂ, ಹಳ್ಳಿಗಳ ಸರಕು ಸಾಗುತ್ತಿದ್ದುದು ಎತ್ತಿನ ಗಾಡಿಗಳಲ್ಲಿಯೇ. ಅಚ್ಚಿನ ಕೆಳಗೆ ತೂಗುಬಿಟ್ಟ ಲಾಂದ್ರದ ಬೆಳಕು ಗಾಡಿಯವನಿಗೆ ದಾರಿಯನ್ನು ತೋರಿಸುವಷ್ಟು ದೊಡ್ಡದಾಗಿರಲಿಲ್ಲ, ಆಗಬೇಕಾದ ಅವಶ್ಯಕತೆಯೂ ಇರಲಿಲ್ಲ. ದಾರಿಯನ್ನು ಎತ್ತುಗಳು ಬಲ್ಲವು, ಗಾಡಿಯೊಂದು ಬರುತ್ತಿದೆಯೆಂಬುದು ಎದುರಿನವರಿಗೆ ತಿಳಿದರೆ ಸಾಕಾಗಿತ್ತು. ಯಾರ ಕಣ್ಣನ್ನೂ ನೋಯಿಸದ ಆ ದೀಪಕ್ಕೆ ನಿಯಮವೂ ಬೇಕಿರಲಿಲ್ಲ.

ಮೋಟಾರು ಬಂದುದರೊಡನೆ ಈ ಸಮಾಧಾನವು ಮುಗಿಯಿತು. ಮೊದಲಿನ ಕಾರುಗಳ ಮುಂದೀಪಗಳಲ್ಲಿ ಉರಿಯುತ್ತಿದ್ದುದು ಕಾರ್ಬೈಡಿನಿಂದ ಹುಟ್ಟಿದ ಅಸಿಟಲೀನ್ ಅನಿಲ. ಕೆಳಗಿನ ಪಾತ್ರೆಯಲ್ಲಿ ಕಾರ್ಬೈಡಿನ ಹರಳುಗಳು, ಮೇಲಿನದರಲ್ಲಿ ನೀರು. ನೀರು ತೊಟ್ಟುತೊಟ್ಟಾಗಿ ಇಳಿದಂತೆ ಅನಿಲವು ಹೊರಟು, ಕಡ್ಡಿ ಗೀರಿ ಹಚ್ಚಿದರೆ ನಿಮ್ನದರ್ಪಣದ ಮುಂದೆ ಬಿಳಿಯ ಜ್ವಾಲೆ ಏಳುತ್ತಿತ್ತು. ಯಾತ್ರೆ ಮುಗಿದ ಮೇಲೆ ಪಾತ್ರೆಯಲ್ಲಿ ಉಳಿದ ಸುಣ್ಣದ ಬಗ್ಗಡವನ್ನು ಕೆರೆದು ತೊಳೆಯುವುದು ಚಾಲಕನ ನಿತ್ಯಕರ್ಮಗಳಲ್ಲೊಂದು. ಈ ದೀಪಕ್ಕೆ ಇದ್ದ ದೊಡ್ಡ ಕೊರತೆಯೆಂದರೆ, ಎದುರಿಗೆ ಯಾರಾದರೂ ಬಂದಾಗ ಅದನ್ನು ಆ ಕ್ಷಣದಲ್ಲಿ ತಗ್ಗಿಸಲು ಸಾಧ್ಯವಿಲ್ಲದಿದ್ದುದು.

1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರು ವಿದ್ಯುತ್ ಸ್ಟಾರ್ಟರಿನೊಡನೆ ವಿದ್ಯುದ್ದೀಪಗಳನ್ನೂ ತಂದ ಬಳಿಕ ಪ್ರಖರತೆಯು ಸುಲಭಲಭ್ಯವಾಯಿತು, ಕಣ್ಣು ಕೋರೈಸುವಿಕೆಯೂ ಅದರೊಡನೆಯೇ ಬಂದಿತು. ಇದಕ್ಕೆ ದೊರೆತ ನಿಜವಾದ ಪರಿಹಾರವು 1925ರ ಸುಮಾರಿಗೆ ಜರ್ಮನಿಯ ಓಸ್ರಾಮ್ ಸಂಸ್ಥೆಯು ಪ್ರಚಾರಕ್ಕೆ ತಂದ ಬೈಲಕ್ಸ್ ಬಲ್ಬು. ಒಂದೇ ಬಲ್ಬಿನೊಳಗೆ ಎರಡು ತಂತುಗಳು: ದರ್ಪಣದ ನಾಭಿಯಲ್ಲಿರುವುದು ದೂರದ ಬೆಳಕಿಗೆ, ಅದಕ್ಕಿಂತ ಮುಂದಿರುವ ಇನ್ನೊಂದಕ್ಕೆ ಅಡಿಯಲ್ಲಿ ಲೋಹದ ಪುಟ್ಟ ಬಟ್ಟಲೊಂದು. ಈ ಬಟ್ಟಲಿನ ಮರೆಯಿಂದ ಬೆಳಕು ದರ್ಪಣದ ಮೇಲರ್ಧಕ್ಕೆ ಮಾತ್ರ ತಾಕಿ ನೆಲದ ಕಡೆಗೆ ಬಾಗುತ್ತದೆ. 1957ರಲ್ಲಿ ಯೂರೋಪಿನಲ್ಲಿ ಆ ಬಟ್ಟಲಿನ ಒಂದು ಅಂಚನ್ನು 15 ಡಿಗ್ರಿಯಷ್ಟು ಓರೆಯಾಗಿಸಿ, ಎದುರು ಬರುವವರ ಪಾರ್ಶ್ವದಲ್ಲಿ ಬೆಳಕು ತಗ್ಗಿಯೂ ತಮ್ಮ ಪಾರ್ಶ್ವದ ದಾರಿಯಂಚಿನಲ್ಲಿ ಕೊಂಚ ಮೇಲೆದ್ದೂ ಇರುವಂತೆ ಮಾಡಿದರು. ಎಡಗಡೆ ಸಂಚರಿಸುವ ನಮ್ಮ ದೇಶದಲ್ಲಿ ಅದು ಎಡಕ್ಕೆ ಏಳಬೇಕು. ಕಾಲುದಾರಿಯವನೂ ದನಕರುಗಳೂ ಕಾಣುವುದು ಈ ಓರೆಯಿಂದಲೇ.

ನಮ್ಮ ಅಂಬಾಸಿಡರ್ ಕಾರಿನಲ್ಲಿಯೂ ಅಂದಿನ ಲಾರಿಗಳಲ್ಲಿಯೂ ದೂರದ ಬೆಳಕನ್ನು ತಗ್ಗಿಸುವ ಡಿಪ್ಪರಿನ ಗುಂಡಿಯು ಕ್ಲಚ್ಚಿನ ಪಕ್ಕದಲ್ಲಿ ನೆಲಕ್ಕೆ ಹುದುಗಿರುತ್ತಿದ್ದು, ಚಾಲಕನು ಎಡಗಾಲಿನಿಂದ ಅದನ್ನು ಒತ್ತಿ ‘ಡಿಮ್ ಡಿಪ್’ ಮಾಡುತ್ತಿದ್ದನು. ‘ಯೂಸ್ ಡಿಪ್ಪರ್ ಅಟ್ ನೈಟ್’ ಎಂದು ಲಾರಿಯ ಬೆನ್ನ ಮೇಲೆ ಬರೆಸುವ ಪದ್ಧತಿಯೂ, ಮುಂದೀಪದ ಗಾಜಿನ ಮೇಲ್ಭಾಗಕ್ಕೆ ಕಪ್ಪು ಬಣ್ಣ ಬಳಿಯುವ ಪದ್ಧತಿಯೂ ಅದೇ ಚಿಂತೆಯಿಂದ ಹುಟ್ಟಿದವು. ಆದರೆ ಕಪ್ಪು ಬಣ್ಣವು ಬೆಳಕಿಗೆ ದಿಕ್ಕನ್ನು ಕಲಿಸಲಾರದು. ಎದುರಿನವನ ತೊಂದರೆಯ ಜೊತೆಗೆ ಚಾಲಕನ ಅನುಕೂಲವನ್ನೂ ಅಷ್ಟಿಷ್ಟು ಕಡಿಮೆಮಾಡುವುದೇ ಅದರ ಕೆಲಸ.

ದಿಕ್ಕನ್ನು ಕಲಿಸುವ ಕಾರ್ಯವು ಗೋಡೆಯ ಮುಂದೆ ನಡೆಯತಕ್ಕದ್ದು. ಸಮತಟ್ಟಾದ ನೆಲದಲ್ಲಿ, ಚಕ್ರಗಳಿಗೆ ಸರಿಯಾಗಿ ಗಾಳಿ ತುಂಬಿಸಿ, ಗೋಡೆಯಿಂದ 25 ಅಡಿ ದೂರದಲ್ಲಿ ವಾಹನವನ್ನು ನಿಲ್ಲಿಸಿ, ದೀಪದ ಮಧ್ಯಬಿಂದುವಿನ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯಬೇಕು; ಒಂದು ದೀಪಕ್ಕೆ ಗೋಣಿಯನ್ನು ಮುಚ್ಚಿ ಇನ್ನೊಂದನ್ನು ಡಿಪ್ಪಿನಲ್ಲಿ ಹೊತ್ತಿಸಿ, ಮೇಲಿನ ತಿರುಪಿನಿಂದ ಎತ್ತರವನ್ನೂ ಪಕ್ಕದ ತಿರುಪಿನಿಂದ ಪಾರ್ಶ್ವವನ್ನೂ ಹೊಂದಿಸಿ, ಬೆಳಕಿನ ಮೇಲಂಚು ಆ ಗೆರೆಗಿಂತ ಸುಮಾರು 3 ಅಂಗುಲ ಕೆಳಗೆ ನಿಲ್ಲುವಂತೆ ಮಾಡಬೇಕು. ಹತ್ತು ಮೀಟರಿಗೆ ಹತ್ತು ಸೆಂಟಿಮೀಟರು ಇಳಿಯುವ ಈ ಲೆಕ್ಕದಂತೆ, ನೆಲದಿಂದ 70 ಸೆಂಟಿಮೀಟರು ಮೇಲಿರುವ ದೀಪದ ಬೆಳಕು 70 ಮೀಟರಿನಾಚೆ ನೆಲವನ್ನು ಮುಟ್ಟುತ್ತದೆ. ಗಂಟೆಗೆ 60 ಕಿಲೋಮೀಟರಿನ ವೇಗದಲ್ಲಿ ಅದು ಸುಮಾರು ನಾಲ್ಕು ಸೆಕೆಂಡಿನ ದಾರಿ. ಇನ್ನಷ್ಟು ತಗ್ಗಿಸಿದರೆ ಚಾಲಕನು ಕುರುಡನಂತೆ ಓಡಿಸಬೇಕಾಗುತ್ತದೆ, ಇಳಿಜಾರನ್ನೇ ಇಲ್ಲವಾಗಿಸಿದರೆ ಎದುರಿನವನು ಕುರುಡನಾಗುತ್ತಾನೆ.

ಹೀಗೆ ಹೊಂದಿಸಿದ ದೀಪವೂ ಲಿಂಗದಹಳ್ಳಿಯಂತಹ ಊರಿನಲ್ಲಿ ಸ್ಥಿರವಾಗಿ ನಿಲ್ಲುವುದು ಕಷ್ಟ. ಹಿಂಬದಿಗೆ ಅಡಕೆಯ ಮೂಟೆಗಳನ್ನು ಹೇರಿದರೆ ಮೂತಿಯು ಮೇಲೆದ್ದು, ಡಿಪ್ಪಿನ ಬೆಳಕೇ ಎದುರಿನವನ ಕಣ್ಣಿಗೆ ನೆಡುತ್ತದೆ. ಘಟ್ಟದ ಮಂಜಿನಲ್ಲಿ ಮೇಲ್ಮುಖವಾದ ಬೆಳಕು ಹನಿಗಳಿಗೆ ತಾಗಿ ಬಿಳಿಯ ತೆರೆಯಾಗಿ ಹಿಂದಿರುಗಿ ದಾರಿಯನ್ನೇ ಮರೆಮಾಡುತ್ತದೆ. ತಿರುವಿನಲ್ಲಂತೂ ಬೆಳಕು ನೇರವಾಗಿ ಕಣಿವೆಯೊಳಕ್ಕೆ ಹೋಗಿಬಿಡುತ್ತದೆ. ಸ್ಟೀರಿಂಗಿನೊಡನೆ ತಿರುಗುವ ದೀಪವನ್ನು ಫ್ರಾನ್ಸಿನ ಸಿಟ್ರೊಯೆನ್ ಸಂಸ್ಥೆಯು 1967ರಲ್ಲಿಯೇ ತನ್ನ ಡಿಎಸ್ ಕಾರಿಗೆ ಅಳವಡಿಸಿದ್ದರೂ, ಅಂತಹ ಸೌಕರ್ಯವು ಸಾಮಾನ್ಯರ ವಾಹನಗಳಿಗೆ ಇಂದಿಗೂ ದುರ್ಲಭ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೆಯ ನಿಯಮವು, ದೀಪದಿಂದ 8 ಮೀಟರು ಮುಂದೆ, ಅರ್ಧ ಮೀಟರು ಬಲಕ್ಕೆ, ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿರುವ ಕಣ್ಣನ್ನು ಕೋರೈಸದಂತೆ ಬೆಳಕು ಶಾಶ್ವತವಾಗಿ ಕೆಳಕ್ಕೆ ಬಾಗಿರಬೇಕೆಂದು ವಿಧಿಸುತ್ತದೆ. ಹೀಗಿದ್ದರೂ ಹ್ಯಾಲೊಜನ್ ಬಲ್ಬಿಗೆಂದು ರೂಪಿಸಿದ ಮುಂದೀಪದ ಡೂಮಿನೊಳಕ್ಕೆ ಅಂಗಡಿಯಲ್ಲಿ ಸಿಕ್ಕಿದ ಎಲ್‌ಇಡಿಯನ್ನು ತುರುಕುವವರು, ಬೆಳಕಿನ ಮೂಲವು ನಾಭಿಯಿಂದ ಸರಿದರೆ ದರ್ಪಣದ ಲೆಕ್ಕವೆಲ್ಲ ತಪ್ಪುತ್ತದೆಂಬುದನ್ನು ಗಣಿಸುವುದಿಲ್ಲ. ಒಂದು ಶತಮಾನದ ಕಾಲ ಅನೇಕರ ಬುದ್ಧಿ ದುಡಿದು ಸಾಧಿಸಿದ ವಿನಯವನ್ನು ಕೆಲವು ನೂರು ರೂಪಾಯಿಗಳಿಗೆ ಕೆಡಿಸಿಕೊಳ್ಳುವುದು ಜಾಣತನವಲ್ಲ. ಘಟ್ಟ ಹತ್ತುವ ಮುನ್ನ ವಾಹನವನ್ನು ಒಮ್ಮೆ ಗೋಡೆಯ ಮುಂದೆ ನಿಲ್ಲಿಸಿ ನೋಡಿರಿ. ಅದಕ್ಕೆ ಬೇಕಾದುದು ಸೀಮೆಸುಣ್ಣದ ಒಂದು ತುಂಡು, ಒಂದು ತಿರುಪುಳಿ ಮತ್ತು ಅರ್ಧ ಗಂಟೆಯ ತಾಳ್ಮೆ.