ಹದಿನೇಳು ಜನರ ಕಣ್ಣು

1861ರ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಒಂದು ಪ್ರಯೋಗವನ್ನು ತೋರಿಸಿದರು. ಚೌಕಳಿಯ ರಿಬ್ಬನ್ನೊಂದನ್ನು ಥಾಮಸ್ ಸಟನ್ ಎಂಬ ಛಾಯಾಗ್ರಾಹಕರು ಕೆಂಪು, ಹಸಿರು, ನೀಲಿ ಶೋಧಕಗಳ ಮೂಲಕ ಬೇರೆ ಬೇರೆಯಾಗಿ ಸೆರೆಹಿಡಿದಿದ್ದರು. ಆ ಚಿತ್ರಗಳನ್ನು ಆಯಾ ಬಣ್ಣದ ಬೆಳಕಿನಲ್ಲಿ ತೆರೆಯ ಮೇಲೆ ಒಂದರ ಮೇಲೊಂದು ಬೀಳಿಸಿದಾಗ ರಿಬ್ಬನ್ನು ತನ್ನ ಬಣ್ಣಗಳೊಡನೆ ಕಾಣಿಸಿಕೊಂಡಿತು. ವಿಚಿತ್ರವೆಂದರೆ, ಆ ಕಾಲದ ಫೋಟೋ ಫಲಕಕ್ಕೆ ಕೆಂಪು ಬೆಳಕು ತಟ್ಟುತ್ತಲೇ ಇರಲಿಲ್ಲ. ಹಾಗಾದರೆ ಕೆಂಪು ಬಂದದ್ದೆಲ್ಲಿಂದ? ನೂರು ವರ್ಷಗಳ ಬಳಿಕ, 1961ರಲ್ಲಿ, ಕೊಡಕ್ ಸಂಸ್ಥೆಯ ರಾಲ್ಫ್ ಇವಾನ್ಸ್ ಕಾರಣ ತಿಳಿಸಿದರು. ರಿಬ್ಬನ್ನಿನ ಕೆಂಪು ಭಾಗ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನೂ ಹಿಂದಿರುಗಿಸುತ್ತಿತ್ತು. ಕೆಂಪು ಶೋಧಕ ಅವನ್ನು ಒಳಗೆ ಬಿಟ್ಟಿತ್ತು. ಫಲಕ ದಾಖಲಿಸಿದ್ದು ಅವನ್ನೇ. ಚಿತ್ರ ಸರಿಯಾಗಿ ಬಂದದ್ದು ಆಕಸ್ಮಿಕ.

ಇಂದಿನ ಡಿಜಿಟಲ್ ಕ್ಯಾಮೆರಾ, ಸ್ಕ್ಯಾನರುಗಳ ಮೂಲ ತೊಡಕೂ ಇದೇ. ಯಂತ್ರದ ನೋಟ ಮನುಷ್ಯನ ನೋಟವಲ್ಲ. ನಮ್ಮ ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಬಣ್ಣಗಳು ಸ್ಕ್ಯಾನರಿಗೆ ಬೇರೆಯಾಗಿ ಕಾಣಬಹುದು. ನಮಗೆ ಬೇರೆಯಾದವು ಅದಕ್ಕೆ ಒಂದೇ ಆಗಬಹುದು. ಈ ಯಂತ್ರ ಇಂಥ ಸಂಖ್ಯೆ ಹೇಳಿದರೆ ಮನುಷ್ಯನಿಗೆ ಅದು ಇಂಥ ಬಣ್ಣ ಎಂದು ತಿಳಿಸುವ ದ್ವಿಭಾಷಾ ನಿಘಂಟಿಗೇ ಕಲರ್ ಪ್ರೊಫೈಲ್ ಎಂದು ಹೆಸರು.

ಆದರೆ ಮನುಷ್ಯನೆಂದರೆ ಯಾರು? 1920ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಡೇವಿಡ್ ರೈಟ್ 10 ಜನರನ್ನೂ ಜಾನ್ ಗಿಲ್ಡ್ 7 ಜನರನ್ನೂ ಕೂರಿಸಿ, ಒಂದೊಂದು ತರಂಗಾಂತರದ ಬೆಳಕಿಗೂ ಸರಿಹೊಂದುವಂತೆ ಮೂರು ಬಣ್ಣಗಳ ಬೆಳಕನ್ನು ಬೆರೆಸಿಸಿದರು. ಈ 17 ಜನರ ಕಣ್ಣಿನ ಅಳತೆಗಳನ್ನು ಆಧರಿಸಿ ಅಂತರರಾಷ್ಟ್ರೀಯ ಬೆಳಕಿನ ಆಯೋಗವು 1931ರಲ್ಲಿ ‘ಪ್ರಮಾಣಿತ ವೀಕ್ಷಕ’ನನ್ನು ಸೃಷ್ಟಿಸಿತು. ಭೂಮಿಯ ಮೇಲೆ ಎಲ್ಲಿಯೂ ಹುಟ್ಟದ ಈ ಸರಾಸರಿ ಮನುಷ್ಯನೇ ಇಂದಿಗೂ ನಮ್ಮ ಕಡತಗಳ ಬಣ್ಣಕ್ಕೆ ಸಾಕ್ಷಿ.

ಮೂರು ಬಣ್ಣಗಳ ಈ ಸಿದ್ಧಾಂತವನ್ನೇ ಒಪ್ಪದವರೊಬ್ಬರು ಬೆಂಗಳೂರಿನಲ್ಲಿದ್ದರು. ಸಿ. ವಿ. ರಾಮನ್ ತಮ್ಮ ಕೊನೆಯ ವರ್ಷಗಳಲ್ಲಿ ಹೂಗಳ ಬಣ್ಣವನ್ನೂ ದೃಷ್ಟಿಯ ಸ್ವರೂಪವನ್ನೂ ಕುರಿತು ಅಧ್ಯಯನ ನಡೆಸಿ, 1968ರಲ್ಲಿ ‘ದಿ ಫಿಸಿಯಾಲಜಿ ಆಫ್ ವಿಷನ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ವಿಜ್ಞಾನ ಅವರ ವಾದವನ್ನು ಸ್ವೀಕರಿಸಲಿಲ್ಲ, ಅದು ಸರಿಯೂ ಹೌದು. ಆದರೂ ಬಣ್ಣವನ್ನು ಮೂರು ಸಂಖ್ಯೆಗಳಿಗೆ ಇಳಿಸಿ ನೆಮ್ಮದಿಯಾಗಿರಲು ಒಲ್ಲದ ಆ ಹಠ ನಮಗೆ ಪ್ರಿಯವಾದದ್ದು.

1993ರಲ್ಲಿ ಅಡೋಬಿ, ಆಗ್ಫಾ, ಆಪಲ್, ಕೊಡಕ್, ಮೈಕ್ರೋಸಾಫ್ಟ್ ಮೊದಲಾದ 8 ಸಂಸ್ಥೆಗಳು ಪ್ರೊಫೈಲಿಗೆ ಸಮಾನ ರೂಪವೊಂದನ್ನು ಗೊತ್ತುಮಾಡಲು ಒಂದುಗೂಡಿದವು. ಅಳತೆ ಗೊತ್ತಿರುವ ಬಣ್ಣದ ಚೌಕಗಳ ಹಾಳೆಯನ್ನು ಸ್ಕ್ಯಾನ್ ಮಾಡಿ, ಯಂತ್ರ ಹೇಳಿದ್ದಕ್ಕೂ ನಿಜವಾದ ಅಳತೆಗೂ ಇರುವ ಅಂತರದಿಂದ ಪ್ರೊಫೈಲನ್ನು ಕಟ್ಟುವುದು ಕ್ರಮ. ಆದರೆ ಸ್ಕ್ಯಾನರಿಗಾಗಿ ಬಳಕೆಗೆ ಬಂದ ಐಟಿ-8 ಹಾಳೆಗಳು ಫೋಟೋ ಕಾಗದದ ಮೇಲೆ ಮುದ್ರಿತವಾದವು. ಅವುಗಳಿಂದ ಕಟ್ಟಿದ ಪ್ರೊಫೈಲು ಫೋಟೋಗಳಿಗೆ ಒಪ್ಪುತ್ತದೆ. ಜಲವರ್ಣದ ಚಿತ್ರವನ್ನಿಟ್ಟರೆ ಯಾವುದೋ ನೀಲಿ, ಯಾವುದೋ ನೇರಳೆ ದಾರಿ ತಪ್ಪುತ್ತದೆ. ಕ್ಯಾಮೆರಾದ ವಿಷಯದಲ್ಲಂತೂ ಬೆಳಕು ಬದಲಾದರೆ ನಿಘಂಟೂ ಬದಲಾಗಬೇಕು. ಪ್ರೊಫೈಲನ್ನು ಕೈಯಾರೆ ತಿದ್ದುವ ಸಲಕರಣೆಗಳು ಹುಟ್ಟಿದ್ದು ಈ ಕೊರತೆಯಿಂದಲೇ. ಅಡೋಬಿ 2008ರಲ್ಲಿ ಕ್ಯಾಮೆರಾ ಪ್ರೊಫೈಲುಗಳ ತಿದ್ದುಗೆಗೆಂದು ತಂತ್ರಾಂಶವೊಂದನ್ನು ಉಚಿತವಾಗಿ ಹಂಚಿತು. ಒಂದು ಬಣ್ಣವನ್ನು ಆಯ್ದು, ಅದರ ಛಾಯೆಯನ್ನೋ ಗಾಢತೆಯನ್ನೋ ಸರಿಸಿದರೆ ಅಕ್ಕಪಕ್ಕದ ಬಣ್ಣಗಳೂ ಮೆಲ್ಲನೆ ಜೊತೆಗೆ ಸರಿಯುತ್ತಿದ್ದವು.

ಸರಿಸುವ ಕೈ ಯಾವ ಮಾದರಿಯನ್ನು ಕಣ್ಣೆದುರಿಗೆ ಇಟ್ಟುಕೊಂಡಿರುತ್ತದೆ ಎಂಬುದು ಸಣ್ಣ ಮಾತಲ್ಲ. ಕೊಡಕ್ ಸಂಸ್ಥೆ ಫೋಟೋ ಮುದ್ರಣಾಲಯಗಳಿಗೆ ಕಳಿಸುತ್ತಿದ್ದ ‘ಶರ್ಲಿ’ ಕಾರ್ಡುಗಳಲ್ಲಿ ದಶಕಗಳ ಕಾಲ ಬಿಳಿಯ ಹೆಂಗಸಿನ ಮುಖವೊಂದೇ ಇತ್ತು. ಅವಳ ಮೈಬಣ್ಣ ಸರಿಬಂದರೆ ಮುದ್ರಣ ಸರಿ. ಹಲವು ಮೈಬಣ್ಣಗಳ ಕಾರ್ಡು ಬರಲು 1990ರ ದಶಕ ಬೇಕಾಯಿತು. ಅತ್ತ 1976ರಲ್ಲಿ ಪ್ರಕಟವಾದ 24 ಚೌಕಗಳ ಮ್ಯಾಕ್‌ಬೆತ್ ಫಲಕದ ಮೊದಲ ಚೌಕ ಕಪ್ಪು ಮೈಬಣ್ಣ, ಎರಡನೆಯದು ಬಿಳಿ ಮೈಬಣ್ಣ. ಇವೆರಡರ ನಡುವೆ ನಮ್ಮ ದೇಶದ ಎಷ್ಟು ಮುಖಗಳಿವೆ!

ಹಳೆಯ ಟ್ರಂಕಿನಲ್ಲಿ ಉಳಿದ ಮದುವೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿ ಊರಿಗೂ ಬಂಧುಗಳಿಗೂ ಕಳಿಸುವುದು ಹೊರನಾಡಿನಲ್ಲಿರುವ ನಮ್ಮಂಥವರಲ್ಲಿ ಈಗ ರೂಢಿ. ಕಾಗದ ನಶಿಸಿದ ಮೇಲೆ ಕಡತವೇ ಮೂಲವಾಗುತ್ತದೆ. ಆದ್ದರಿಂದ ಎರಡು ತಿದ್ದುಗೆಗಳನ್ನು ಬೆರೆಸಬಾರದೆಂಬುದು ನಮ್ಮ ಅಭಿಪ್ರಾಯ. ಸ್ಕ್ಯಾನರು ತಾನಾಗಿ ಸೇರಿಸಿದ ಹಸಿರನ್ನು ಪ್ರೊಫೈಲು ತೆಗೆಯಬೇಕು. ಕಾಲ ಕಾಗದಕ್ಕೆ ಬಳಿದ ಹಳದಿಯನ್ನು ಅದು ಮುಟ್ಟಕೂಡದು. ಆ ಹಳದಿ ವಸ್ತುವಿನದೇ, ಅದರ ವಯಸ್ಸಿನ ಸಾಕ್ಷ್ಯ. ಅಜ್ಜಿಯ ಸೀರೆಯ ಮಾಸಿದ ಕೆಂಪನ್ನು ಮತ್ತೆ ಕೆಂಪಾಗಿಸುವ ಆಸೆ ಸಹಜ, ತಪ್ಪೂ ಅಲ್ಲ. ಅದನ್ನು ಬೇರೊಂದು ಪ್ರತಿಯಲ್ಲಿ ಮಾಡಿಕೊಳ್ಳಬಹುದು. ಮೊದಲ ಪ್ರತಿಯಲ್ಲಿ ಫೋಟೋದ ಪಕ್ಕದಲ್ಲೇ ಬಣ್ಣದ ಚೌಕಗಳ ಪುಟ್ಟ ಹಾಳೆಯೊಂದನ್ನಿಟ್ಟು, ಅಂಚು ಕತ್ತರಿಸದೆ, ಪ್ರೊಫೈಲಿನೊಡನೆ ಕಾಪಿಟ್ಟರೆ, ಮುಂದೆ ಯಾರಾದರೂ ನಮ್ಮ ಯಂತ್ರದ ದೋಷವನ್ನು ನಮಗಿಂತ ಚೆನ್ನಾಗಿ ಕಳೆಯಬಲ್ಲರು.